ಮೇಜಿಗೆ ಯಾವ ವೈರ್‌ಲೆಸ್ ಚಾರ್ಜಿಂಗ್ ಸ್ಟ್ಯಾಂಡ್ ಒಳ್ಳೆಯದು?

ಸ್ಟ್ಯಾಂಡ್ ಕೊಳ್ಳುವ ಮುನ್ನ ಫೋನಿಗೆ ‘ಚೀ’ (Qi) ಮಾನದಂಡದ ವೈರ್‌ಲೆಸ್ ಚಾರ್ಜಿಂಗ್ ಸೌಲಭ್ಯವಿದೆಯೇ ಎಂದು ನೋಡಬೇಕು. ಸ್ಟ್ಯಾಂಡಿನೊಳಗಿನ ತಂತಿಸುರುಳಿ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಫೋನಿನ ಸುರುಳಿ ಅದನ್ನು ವಿದ್ಯುತ್ತಾಗಿ ಪಡೆಯುತ್ತದೆ. ಎರಡೂ ನೇರಕ್ಕೆ ಕೂರದಿದ್ದರೆ ವಿದ್ಯುತ್ತು ಶಾಖವಾಗಿ ಪೋಲಾಗುತ್ತದೆ. 2023ರಲ್ಲಿ ಬಂದ ‘ಚೀ2’ ಬಗೆಯಲ್ಲಿ ಅಯಸ್ಕಾಂತಗಳು ಫೋನನ್ನು ಸರಿಯಾದ ಜಾಗಕ್ಕೆ ಸೆಳೆದು ಹಿಡಿಯುತ್ತವೆ. ಅದರ ಮೊದಲ ಆವೃತ್ತಿಯಲ್ಲಿ 15 ವ್ಯಾಟ್‌ವರೆಗೆ ಚಾರ್ಜ್ ಆಗುತ್ತದೆ.

ಅಡಾಪ್ಟರ್ ಬೇರೆಯಾಗಿ ಕೊಳ್ಳುವುದಾದರೆ ಬಿಐಎಸ್ ಗುರುತಿರುವ 20 ವ್ಯಾಟ್‌ನ ಟೈಪ್-ಸಿ ಪಿಡಿ ಅಡಾಪ್ಟರ್ ಸಾಮಾನ್ಯವಾಗಿ ಸಾಕು. ದಪ್ಪ ಕವರ್, ಲೋಹದ ಉಂಗುರ ಚಾರ್ಜಿಂಗ್‌ಗೆ ಅಡ್ಡಿ. ತಳ ಭಾರವಾಗಿದ್ದು, ಜಾರದ ರಬ್ಬರ್ ಇರಬೇಕು.

ಬೇಸಿಗೆಯಲ್ಲಿ ಸವಳಂಗದಂಥ ಊರಿನ ತಗಡಿನ ಮಾಡಿನ ಅಂಗಡಿಯಾಗಲಿ, ಮನೆಯ ಓದುಮೇಜಾಗಲಿ, ಸ್ಟ್ಯಾಂಡನ್ನು ಬಿಸಿಲು ಬೀಳದ ಕಡೆ ಇಡಬೇಕು. ಕರೆಂಟ್ ಸ್ವಲ್ಪ ಹೊತ್ತು ಮಾತ್ರ ಇರುವಾಗ ಕೇಬಲ್ ಚಾರ್ಜಿಂಗೇ ಬೇಗ.