ಮೊಬೈಲಿನ ದಿನಚರಿ ಬರೆಯೋಣ

ಮೊಬೈಲಿಗೆ ದಿನವೂ ಎಷ್ಟು ಹೊತ್ತು ಕೊಡುತ್ತೇವೆ? ಊಹೆ ಬೇಡ, ಲೆಕ್ಕ ಫೋನಿನಲ್ಲೇ ಇದೆ. ಐಫೋನಿನಲ್ಲಿ ‘ಸ್ಕ್ರೀನ್ ಟೈಮ್’, ಆಂಡ್ರಾಯ್ಡ್‌ನಲ್ಲಿ ‘ಡಿಜಿಟಲ್ ವೆಲ್‌ಬೀಯಿಂಗ್’. ಎರಡೂ 2018ರಲ್ಲಿ ಬಂದವು. ಸೆಟ್ಟಿಂಗ್ಸ್‌ನಲ್ಲಿ ತೆರೆದು, ಒಂದು ವಾರ ಒಟ್ಟು ಸಮಯವನ್ನೂ ನೋಟಿಫಿಕೇಶನ್‌ಗಳ ಸಂಖ್ಯೆಯನ್ನೂ ಬರೆದಿಡೋಣ.

ಆದರೆ ಅಂಕಿಯೊಂದೇ ಸಾಲದು. ವಾಟ್ಸ್‌ಆ್ಯಪ್‌ನಲ್ಲಿ ಊರಿನ ಅಮ್ಮನೊಡನೆ ಆಡಿದ ಮಾತೂ, ಸುಮ್ಮನೆ ಓದಿದ ಫಾರ್ವರ್ಡ್‌ಗಳೂ ಅಲ್ಲಿ ಒಂದೇ ಲೆಕ್ಕ. ಆದ್ದರಿಂದ ಮಲಗುವ ಮುನ್ನ ಆ ನಿಮಿಷಗಳನ್ನು ‘ಬೇಕಾದದ್ದು’, ‘ಬೇಡದ್ದು’ ಎಂದು ನಾವೇ ವಿಂಗಡಿಸಬೇಕು.

ವಾರದ ಕೊನೆಗೆ ಬೇಡದ ಆ್ಯಪ್‌ಗೆ ಸಮಯದ ಮಿತಿ ಹಾಕೋಣ. ವಾಟ್ಸ್‌ಆ್ಯಪ್‌ಗೆ ಹಾಕಿದರೆ ಅಮ್ಮನ ಕರೆಗೂ ಅಡ್ಡಿಯಾದೀತು. ಅಲ್ಲಿ ಗುಂಪುಗಳನ್ನಷ್ಟೇ ಮ್ಯೂಟ್ ಮಾಡೋಣ. ಉಳಿದ ಹೊತ್ತು ಆ ಕರೆಗೆ, ಮಕ್ಕಳ ಕನ್ನಡದ ಮಾತಿಗೆ ಸಿಗಲಿ.