ಮಳೆಗಾಲವೂ ಕಾಲ್ಬೆರಳ ಸಂದುಗಳೂ

ಜೂನ್ ತಿಂಗಳಲ್ಲಿ ಮುಂಬಯಿಯ ಮಳೆ ಹಿಡಿಯಿತೆಂದರೆ ನಾವು ದಿನವಿಡೀ ನೆನೆದ ಬೂಟುಗಳಲ್ಲಿಯೇ ತರಗತಿಯಲ್ಲಿ ಕುಳಿತಿರುತ್ತೇವೆ. ಕಾಲ್ಬೆರಳ ಸಂದಿನ ಚರ್ಮವು ಬೆಳ್ಳಗೆ ಮೆತ್ತಗಾಗಿ, ಬಿರಿದು, ತುರಿಸತೊಡಗುತ್ತದೆ. ಕೆಸರುಹುಣ್ಣೆಂದು ಕರೆದರೂ ಕೆಸರೊಂದೇ ಇದಕ್ಕೆ ಕಾರಣವಲ್ಲ. ಇದನ್ನುಂಟುಮಾಡುವ ಸೂಕ್ಷ್ಮಜೀವಿಗಳಲ್ಲೊಂದಾದ ಕ್ಯಾಂಡಿಡಾ ಎಂಬ ಯೀಸ್ಟ್ ಆರೋಗ್ಯವಂತರ ಮೈಮೇಲೂ ನಿರುಪದ್ರವಿಯಾಗಿ ವಾಸಿಸುತ್ತದೆ. ತೇವವೂ ಬಿಸುಪೂ ಕೂಡಿದೆಡೆಯಲ್ಲಿ ಹಬ್ಬತೊಡಗುತ್ತದೆ. ಆದುದರಿಂದ ಕಾಲು ತೊಳೆದರೆ ಸಾಲದು, ಪ್ರತಿಯೊಂದು ಸಂದನ್ನೂ ಒಣಬಟ್ಟೆಯಿಂದ ಒರಸಬೇಕು. ಅವಸರದಲ್ಲಿ ಬಚ್ಚಲಿನಿಂದ ಹೊರಡುವವರು ಬಿಟ್ಟುಬಿಡುವುದು ಇದನ್ನೇ! ಕಾಲುಚೀಲಗಳನ್ನು ನಿತ್ಯವೂ ಬದಲಿಸಬೇಕು. ಚಾಳಿನ ಕೋಣೆಯಲ್ಲಿ ಅವು ಒಣಗದಿದ್ದರೆ, ಮನೆಯಲ್ಲಿರುವಷ್ಟು ಹೊತ್ತಾದರೂ ಪಾದಗಳಿಗೆ ಗಾಳಿಯಾಡಲಿ. ಅಂಗಡಿಯಲ್ಲಿ ಕೇಳಿ ತಂದ ಮುಲಾಮು ಬೇಡ. ಅದರಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ತುರಿಕೆ ಅಡಗಿದಂತೆ ತೋರಿ ಸೋಂಕು ಹರಡುವುದುಂಟು. ಮಧುಮೇಹವುಳ್ಳ ಹಿರಿಯರ ಕಾಲಿನಲ್ಲಿ ಇಂಥ ಬಿರುಕು ಕಂಡರಂತೂ ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು.