ಮಂಗನ ಕಾಯಿಲೆ: ಕಾಡಿನಂಚಿನ ಭಕ್ತರಿಗೆ
1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು; ಸುತ್ತಲಿನ ಹಳ್ಳಿಗರೂ ಜ್ವರದಿಂದ ಹಾಸಿಗೆ ಹಿಡಿದರು. ಪುಣೆಯ ವೈರಾಣು ಸಂಶೋಧನಾ ಕೇಂದ್ರದ, ಅಂದರೆ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆಯ, ವಿಜ್ಞಾನಿಗಳು ಸತ್ತ ಮಂಗಗಳನ್ನೂ ರೋಗಿಗಳ ರಕ್ತವನ್ನೂ ಕಾಡಿನ ಉಣ್ಣೆಗಳನ್ನೂ ಪರೀಕ್ಷಿಸಿ ಹೊಸ ವೈರಾಣುವೊಂದನ್ನು ಗುರುತಿಸಿದರು. ಮಂಗವು ದೋಷಿಯಲ್ಲ, ಅದೂ ನಮ್ಮಂತೆಯೇ ರೋಗಿ. ರೋಗವನ್ನು ಅಂಟಿಸುವುದು ಉಣ್ಣೆ. ಸತ್ತ ಮಂಗನ ಮೈಬಿಟ್ಟ ಉಣ್ಣೆಗಳು ಸುತ್ತಲಿನ ತರಗೆಲೆಗಳಲ್ಲಿ ಹರಡಿರುತ್ತವೆ. ಆದುದರಿಂದ ಸಮೀಪಕ್ಕೆ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಜ್ವರವೆಂದೊಡನೆ ಅಮೃತಬಳ್ಳಿಯ ಕಷಾಯ ಹೇಳುವುದು ನಮ್ಮ ರೂಢಿ. ಆದರೆ ಡಿಸೆಂಬರಿನಿಂದ ಮೇ ತಿಂಗಳವರೆಗೆ, ಕಾಡಿಗೆ ಹೋಗಿಬಂದವರಲ್ಲಿ ಹಠಾತ್ತನೆ ಜ್ವರ, ತೀವ್ರ ತಲೆನೋವು, ಮೈಕೈ ನೋವು ಕಾಣಿಸಿಕೊಂಡರೆ ನಾವು ಕಷಾಯ ಕೊಟ್ಟು ಕಾಯುವುದಿಲ್ಲ. ಅಂದೇ ರಕ್ತಪರೀಕ್ಷೆಗೆ ಕಳುಹಿಸುತ್ತೇವೆ. ಇದಕ್ಕೆ ನಿರ್ದಿಷ್ಟ ಔಷಧವು ಯಾವ ಪದ್ಧತಿಯಲ್ಲಿಯೂ ಇಲ್ಲ. ಬೇಗನೆ ಆಸ್ಪತ್ರೆ ಸೇರಿದವರಿಗೆ ಮಾತ್ರ ನಿರ್ಜಲತೆ, ರಕ್ತಸ್ರಾವಗಳಿಗೆ ಸಕಾಲದಲ್ಲಿ ಆರೈಕೆ ದೊರೆಯುತ್ತದೆ.